ಲಿಂಬೆ ಇದ್ದಿಲಿನ ಮೊದಲ ಹೊಗೆ

ಮೂವತ್ತಾರನೇ ವಯಸ್ಸಿಗೆ ನಾನು ನಿವೃತ್ತನಾದೆ. ಹೀಗೆ ಹೇಳಿದರೆ ನಮ್ಮ ಲಚ್ಯಾಣದಲ್ಲಿ ಜನ ನಗುತ್ತಾರೆ. ಸರ್ಕಾರಿ ನೌಕರಿ ಮಾಡಿದವನಿಗೆ ನಿವೃತ್ತಿ, ಧಾಬಾದ ಭಟ್ಟಿ ಮುಂದೆ ನಿಂತವನಿಗೆ ಎಂಥ ನಿವೃತ್ತಿ ಎಂದು ಕೇಳುತ್ತಾರೆ. ಆದರೆ ವಿಜಯಪುರದ ಡಾಕ್ಟರು ನನ್ನ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಮೇಲೆ ಬೆಂಕಿಯ ಮುಂದೆ ನಿಲ್ಲಕೂಡದು ಎಂದ ದಿನ ನನ್ನ ಕಸುಬು ಮುಗಿಯಿತು. ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಈಗ ಇಂಡಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಷಿನ್ ಬಿಸಿಯಾದಾಗ ಬರುವ ವಾಸನೆಗೆ ಈಗಲೂ ಕೈ ಬೀಸಣಿಗೆ ಹುಡುಕುತ್ತದೆ.

ಸಾಲೆಯಲ್ಲಿದ್ದಾಗಿನಿಂದ ದಿನಚರಿ ಬರೆಯುವ ಚಟ ನನಗಿದೆ. ಭಟ್ಟಿಗೆ ಸೇರಿದ ಮೇಲೂ ಬಿಡಲಿಲ್ಲ. ತಾರೀಖು, ಸುಟ್ಟ ಇದ್ದಿಲಿನ ಚೀಲ, ಅದು ಯಾವ ಊರಿನದು, ಗಾಳಿ ಯಾವ ಕಡೆಯದು, ಮಾಂಸ ಚುಚ್ಚಿದ ಎಷ್ಟು ಸಲಾಕಿ ಕರಕಲಾಯಿತು, ಇಷ್ಟು. ಈಗ ಹೊಸದಾಗಿ ಧಾಬಾ ಹಾಕುವ ಹುಡುಗರು ಅಂಗಡಿಗೆ ಬಂದು, ಮಸಾಲೆ ಹೇಳಿಕೊಡ್ರಿ ಅಣ್ಣಾ ಎನ್ನುತ್ತಾರೆ. ಮಸಾಲೆ ಯಾರಾದರೂ ಹೇಳಿಕೊಡುತ್ತಾರೆ. ನಾನು ಇದ್ದಿಲಿನ ಬಗ್ಗೆ ಬರೆಯುತ್ತೇನೆ.

ನಮ್ಮ ಧಾಬಾ ಇಂಡಿಯಿಂದ ಸಿಂದಗಿಗೆ ಹೋಗುವ ರಸ್ತೆಯ ಮೇಲಿತ್ತು. ಮಾಲಕರು ಭೀಮರಾಯರು. ಭಟ್ಟಿಯ ಯಜಮಾನಿಕೆ ಖಾಜಾಸಾಬರದು. ಅವರನ್ನು ಎಲ್ಲರೂ ವಸ್ತಾದ್ ಎಂದೇ ಕರೆಯುತ್ತಿದ್ದರು, ಮಾಲಕರೂ ಸಹ. ಹೆಂಡತಿ ತೀರಿಕೊಂಡ ಮೇಲೆ ಅವರು ಬಸವನ ಬಾಗೇವಾಡಿಯ ಮನೆ ಬಿಟ್ಟು ಧಾಬಾದ ಹಿಂದಿನ ಕೋಣೆಯಲ್ಲೇ ಇರುತ್ತಿದ್ದರು. ಭಟ್ಟಿಯೇ ಅವರ ಮನೆ ಎಂದರೆ ತಪ್ಪಿಲ್ಲ.

ಮೊದಲ ದಿನ ಅವರು ನನ್ನ ಕೈಗೆ ಮಾಂಸ ಕೊಡಲಿಲ್ಲ. ಎರಡು ಇದ್ದಿಲು ತುಂಡು ಕೊಟ್ಟರು.

"ಬಡಿ," ಎಂದರು.

ಬಡಿದೆ.

"ಏನ್ ಕೇಳಸ್ತು?"

"ಖಣ್ ಅಂತ್ರಿ."

"ಇದು ಬೆಂದೈತಿ. ಈಗ ಇದನ್ನ ಬಡಿ."

ಎರಡನೆಯದು ಕಟ್ಟಿಗೆಯ ಹಾಗೆ ದಬ್ ಎಂದಿತು.

"ಇದು ಅರ್ಧಾ ಕಟಿಗಿ, ಅರ್ಧಾ ಇದ್ಲಿ. ಬೆಂಕಿಗೆ ಹಾಕಿದ್ರ ಹಸಿ ಹೊಗಿ ಬಿಡತೈತಿ. ತಿಂದವ್ನ ನಾಲಿಗಿ ಕಯ್ಯ ಅಂತೈತಿ, ಬೈಗಳಾ ಮಸಾಲಿ ಅರದವ್ಗ ಬೀಳತಾವ."

ಆಗ ನಮಗೆ ಬರುತ್ತಿದ್ದುದು ಜಾಲಿಯ ಇದ್ದಿಲು. ಮುದ್ದೇಬಿಹಾಳದ ಕಡೆಯಿಂದ ಟೆಂಪೋದಲ್ಲಿ ಬರುತ್ತಿತ್ತು. ಬೇಗ ಹೊತ್ತುತ್ತದೆ, ಚೆನ್ನಾಗಿ ಕಾಯುತ್ತದೆ, ಆದರೆ ಕಿಡಿ ಜಾಸ್ತಿ. ಚೀಲಕ್ಕೆ ತೇವ ಹತ್ತಿದ್ದರಂತೂ ಪಟಾಕಿಯೇ. ನನ್ನ ಮೊದಲ ಮಳೆಗಾಲದಲ್ಲಿ ಒಂದು ಕಿಡಿ ಹಾರಿ ಸಿಂದಗಿಯ ಅಡತಿ ಅಂಗಡಿಯವರೊಬ್ಬರ ಹೊಸ ಧೋತರಕ್ಕೆ ತೂತು ಬಿತ್ತು. ಅವರು ಮುಂದೆ ಬಂದಾಗಲೆಲ್ಲ ಆ ತೂತಿನಲ್ಲಿ ಬೆರಳು ಹಾಕಿ ತೋರಿಸಿ, "ಸಿದ್ಯಾ, ಇವತ್ತ ಎಲ್ಲಿ ಸುಡಾಂವ ಅದಿ?" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಮುದ್ದೇಬಿಹಾಳದ ಟೆಂಪೋ ವಾರ ಬಿಟ್ಟು ವಾರ ತಪ್ಪತೊಡಗಿತು. ಮಾಲಕರು ಬೇರೆ ಇದ್ದಿಲು ಹುಡುಕಲು ಶುರು ಮಾಡಿದರು. ತೆಂಗಿನ ಚಿಪ್ಪಿನದು ಬಂತು. ಕಾವು ಜೋರು, ಆದರೆ ಜನ ತುಂಬಿದ ಹೊತ್ತಿಗೇ ಬೂದಿಯಾಗಿ ಕೂರುತ್ತಿತ್ತು. ತೊಗರಿ ಕಟ್ಟಿಗೆಯನ್ನು ಪುಡಿ ಮಾಡಿ ಒತ್ತಿದ ಉಂಡೆಗಳು ಬಂದವು. ನೋಡಲು ಚೆಂದ, ಬೀಸಣಿಗೆ ಆಡಿಸಿದರೆ ಬೂದಿ ಎದ್ದು ಕೋಳಿಯ ಮೈಗೆ ವಿಭೂತಿಯ ಹಾಗೆ ಹತ್ತುತ್ತಿತ್ತು. ವಸ್ತಾದರು ಅದನ್ನು ನೋಡಿ, "ಮಾಲಕ್ರ, ಈ ಕೋಳಿ ದೀಕ್ಷಾ ತಗೊಂಡೈತ್ರಿ, ಇದನ್ನ ತಿನ್ನಬಾರದು," ಎಂದರು. ಎರಡೂ ದಿನಚರಿಯಲ್ಲಿ ಒಂದೊಂದು ಸಾಲಿಗೆ ಮುಗಿದವು.

ಯಾವ ಇದ್ದಿಲೇ ಬರಲಿ, ನಮ್ಮ ಭಟ್ಟಿಯಲ್ಲಿ ಒಂದು ಪದ್ಧತಿ ಇತ್ತು. ಕೆಂಡ ತಯಾರಾದ ಮೇಲೆ ವಸ್ತಾದರು ಕುರಿಯ ಬಾಲದ ಚರಬಿಯ, ಅಂದರೆ ಕೊಬ್ಬಿನ, ಒಂದು ಚೂರನ್ನು ಅದರ ಮೇಲೆ ಹಾಕುವರು. ಅದರಿಂದ ಏಳುವ ಹೊಗೆಗೆ ಬಗ್ಗಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆಯುವರು. ಇದಕ್ಕೆ ಮೊದಲ ಹೊಗೆ ಎಂದು ಹೆಸರು. ಹೊಗೆ ಶುದ್ಧವಿದ್ದರೆ "ಚಡಾವ್" ಎನ್ನುವರು, ಏರಿಸು ಎಂದು ಅರ್ಥ. ಆ ಮಾತು ಬಾಯಿಂದ ಬೀಳುವವರೆಗೆ ಒಂದು ಸಲಾಕಿಯೂ ಬೆಂಕಿಗೆ ಏರುವಂತಿರಲಿಲ್ಲ. ಮಾಲಕರ ಸ್ವಂತ ಬೀಗರು ಹಸಿದು ಕೂತಿದ್ದರೂ ಏರುವಂತಿರಲಿಲ್ಲ. ಮತ್ತು ಆ ಮಾತು ವಸ್ತಾದರದು ಮಾತ್ರ. ಶಿಷ್ಯನಾದವನು ಅವರಿಗಿಂತ ಮೊದಲು ಮೂಗು ಮುಂದೆ ತರುವಂತಿರಲಿಲ್ಲ.

ಊರೂರಿಗೆ ಜ್ವರ ಬಂದ ಕಾಲದಲ್ಲಿ ವಸ್ತಾದರೂ ಮಲಗಿದರು. ಎದ್ದು ಬಂದರು. ಧಾಬಾ ಮತ್ತೆ ತೆರೆದಾಗ ಒಂದು ಮಧ್ಯಾಹ್ನ ನಾವಿಬ್ಬರೇ ಭಟ್ಟಿಯ ಬೂದಿ ತೆಗೆಯುತ್ತಿದ್ದೆವು. ಅವರು ಒಂದು ಲಿಂಬೆಹಣ್ಣು ಕೊಯ್ದು ನನ್ನ ಮೂಗಿನ ಹತ್ತಿರ ಹಿಡಿದರು.

"ವಾಸನಿ ಐತೇನು?"

"ಐತಲ್ರಿ, ಜೋರ್ ಐತಿ."

ಅವರು ಅದನ್ನು ತಮ್ಮ ಮೂಗಿಗೆ ಹಿಡಿದರು. ಹಿಂಡಿದರು. ರಸ ಮೀಸೆಯ ಮೇಲೆ ಇಳಿಯಿತು.

"ನನಗಿಲ್ಲ," ಎಂದರು.

ಅವರು ಬೂದಿ ತೆಗೆಯುತ್ತಲೇ ಹೇಳಿದರು: "ಡಾಕ್ಟರ್ ಬರತೈತಿ ಅಂದಾರ. ಬರೂತನಕಾ ನೀ ನನ್ನ ಮೂಗಾಗಿರು. ಮಾಲಕ್ರಿಗೆ ಗೊತ್ತಾದ್ರ ನನ್ನ ತಗದು ರೊಕ್ಕದ ಗಲ್ಲೇದಾಗ ಕುಂಡರಸ್ತಾರ. ನಲವತ್ತು ವರ್ಷ ಬೆಂಕಿ ಮುಂದ ನಿಂತಾಂವ ಅಲ್ಲಿ ಕುಂತು ಉಂಡವ್ರಿಗೆ ಬಡೇಸೋಪು ಹಂಚ್ಲ್ಯಾ?"

ಗೊತ್ತು ಮಾಡಿಕೊಂಡ ಗುರುತು ಸರಳವಾಗಿತ್ತು. ಮೊದಲ ಹೊಗೆಯ ಹೊತ್ತಿಗೆ ನಾನು ಪಕ್ಕದಲ್ಲೇ ಬೀಸಣಿಗೆ ಹಿಡಿದು ನಿಂತಿರುತ್ತೇನೆ. ಹೊಗೆ ಸರಿಯಿದ್ದರೆ ಬೀಸುತ್ತಲೇ ಇರುತ್ತೇನೆ. ಸರಿಯಿಲ್ಲದಿದ್ದರೆ ಬೀಸುವುದು ನಿಲ್ಲಿಸಿ ಒಮ್ಮೆ ಕೆಮ್ಮುತ್ತೇನೆ. ಅವರು ಎಂದಿನಂತೆ ಬಗ್ಗುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಉಸಿರು ಎಳೆಯುತ್ತಿದ್ದರು. ನೋಡಿದವರಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಉಳಿದ ಕೆಲಸವನ್ನೆಲ್ಲ ಅವರು ಕಿವಿಯಿಂದಲೇ ಮಾಡುತ್ತಿದ್ದರು. ಚರಬಿ ಕೆಂಡಕ್ಕೆ ಬೀಳುವ ಸಪ್ಪಳ ಕೇಳಿ ಯಾವ ಸಲಾಕಿ ತಿರುಗಿಸಬೇಕೆಂದು ಬೆನ್ನು ಮಾಡಿ ನಿಂತು ಹೇಳುತ್ತಿದ್ದರು. ಮೂಗು ಬೇಕಾಗುತ್ತಿದ್ದುದು ಆ ಒಂದು ಉಸಿರಿಗೆ ಮಾತ್ರ.

ಹೀಗೇ ಒಂದೂವರೆ ವರ್ಷ ನಡೆಯಿತು. ಕೆಡಿಸಿದ್ದು ನನ್ನ ಎದೆ. ಒಂದು ಶನಿವಾರ ಸಂಜೆ ಜಾಲಿ ಕೆಂಡ ಹದವಾಗಿತ್ತು, ಹೊಗೆಯಲ್ಲಿ ಏನೂ ದೋಷವಿರಲಿಲ್ಲ. ಒಳಗೆ ಯಾರೋ ಮೆಣಸಿನಕಾಯಿ ಹುರಿದರು, ನನಗೆ ಕೆಮ್ಮು ಹತ್ತಿತು. ವಸ್ತಾದರು ಕೆಂಡವನ್ನೆಲ್ಲ ಹೊರಗೆ ಎಳೆದರು. ಹೊಸ ಚೀಲ ಒಡೆದು ಮತ್ತೆ ಬೆಂಕಿ ಮಾಡಿದರು. ಮತ್ತೆ ಚರಬಿ ಹಾಕಿ ಬಗ್ಗಿದರು. ನನಗೆ ಮತ್ತೆ ಕೆಮ್ಮು. ಅದನ್ನೂ ಎಳೆದರು. ಕಣ್ಣಿನಲ್ಲಿ ಎಷ್ಟು ಸನ್ನೆ ಮಾಡಿದರೂ ಅವರು ನೋಡಲೊಲ್ಲರು, ಯಾಕೆಂದರೆ ಕಣ್ಣು ಮುಚ್ಚಿಕೊಂಡಿದ್ದರು. ಮೇಜುಗಳ ಮುಂದೆ ಜನ ಬರೀ ಉಳ್ಳಾಗಡ್ಡಿ ತಿಂದು ಮುಗಿಸಿದ್ದರು. ಒಬ್ಬ, "ಮಾಲಕ್ರ, ಕುರಿ ಇನ್ನಾ ಮೇಯಾಕ ಹೋಗೇತೇನ್ರಿ?" ಎಂದು ಕೂಗಿದ.

ಭೀಮರಾಯರು ಸಿಟ್ಟಿನ ಮನುಷ್ಯರಲ್ಲ, ಆದರೆ ನೋಡಿದ್ದನ್ನು ಮರೆಯುವವರೂ ಅಲ್ಲ. ಜನ ಹೋದ ಮೇಲೆ ನನ್ನನ್ನು ಕರೆದರು.

"ಸಿದ್ದು, ಒಂದ್ ಮಾತು ಕೇಳ್ತೇನಿ. ನೀ ಕೆಮ್ಮಿದ್ರ ಅವ್ರು ಯಾಕ ಬೆಂಕಿ ಎಳೀತಾರ?"

"ಕಾಕತಾಳ ಇರಬೇಕ್ರಿ."

"ಎರಡ್ ಸಲಾ?" ಎಂದರು. ಮುಂದೆ ಏನೂ ಕೇಳಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಲಿಂಬೆ ಇದ್ದಿಲು ಬಂದದ್ದು ಅದಾಗಿ ಸ್ವಲ್ಪ ದಿನಕ್ಕೆ. ಮಾಲಕರ ಅಳಿಯ ಪ್ರಕಾಶನದು ಸಾಲೋಟಗಿಯ ಹತ್ತಿರ ಲಿಂಬೆ ತೋಟ. ಹಳೆಯ ಗಿಡಗಳನ್ನು ಕಡಿದು ಹೊಸ ಸಸಿ ಹಚ್ಚಿದ್ದ. ಕಡಿದ ಕಟ್ಟಿಗೆಯನ್ನು ತಾನೇ ಕುಣಿ ತೋಡಿ, ಮಣ್ಣು ಮುಚ್ಚಿ, ಇದ್ದಿಲು ಮಾಡಿದ್ದ. ಎರಡು ಚೀಲ ತಂದು ಇಳಿಸಿದ. ವಸ್ತಾದರು ಎರಡು ತುಂಡು ತೆಗೆದು ಬಡಿದರು. ಖಣ್ ಅಲ್ಲ, ಗಾಜಿನ ಬಳೆ ತಾಗಿದ ಹಾಗೆ ಸಪ್ಪಳವಾಯಿತು. ಅವರ ಮುಖ ಅರಳಿತು. "ಇದರಾಗ ಕಟಿಗಿ ಅನ್ನೂದು ಒಂದ್ ಎಳಿನೂ ಉಳದಿಲ್ಲ," ಎಂದರು. ಪ್ರಕಾಶ ಮೀಸೆಯ ಮೇಲೆ ಕೈ ಆಡಿಸಿದ.

ಅದನ್ನು ಬೆಂಕಿಗೆ ಹಾಕಿ ನೋಡುವ ದಿನವನ್ನು ಮಾಲಕರು ತಾವೇ ಆರಿಸಿದರು. ಫೆಬ್ರವರಿಯ ಒಂದು ಭಾನುವಾರ. ಅಂದು ಸಿಂದಗಿಯ ಸಾಲಿ ಮಾಸ್ತರರೊಬ್ಬರ ಮೊಮ್ಮಗನ ಜವಳದ ಊಟ ನಮ್ಮಲ್ಲಿತ್ತು. ಮುದುಕರು, ಹೆಂಗಸರು, ಕೂಸುಗಳು, ಇಡೀ ಬಳಗ. ಇಂಥ ದಿನ ಹೊಸ ಇದ್ದಿಲು ಬೇಡ ಎಂದು ನಾನು ಹೇಳಿ ನೋಡಿದೆ.

"ಎರಡು ಭಟ್ಟಿ ಹಚ್ಚೂಣು," ಎಂದರು ಮಾಲಕರು. "ಜಾಲಿದು ನೀ ನೋಡ್ಕೋ, ಅಕಡೆ ಬೇವಿನ ಗಿಡದ ಕೆಳಗ. ಲಿಂಬಿದು ವಸ್ತಾದ್ರು ನೋಡ್ಲಿ, ಶೆಡ್ಡಿನ ಮುಂದ. ಪ್ರಕಾಶ ಬೀಸ್ತಾನ."

ಇದು ಇದ್ದಿಲಿನ ಪರೀಕ್ಷೆಯಲ್ಲ ಎಂದು ಆಗಲೇ ತಿಳಿಯಿತು. ಬೇವಿನ ಗಿಡಕ್ಕೂ ಶೆಡ್ಡಿಗೂ ನಡುವೆ ಇಡೀ ಅಂಗಳ. ಗಾಳಿ ನನ್ನ ಕಡೆಯಿಂದ ಅವರ ಕಡೆಗೆ. ಅವರ ಹೊಗೆಯ ಒಂದು ಎಳೆಯೂ ನನಗೆ ಬರುವಂತಿರಲಿಲ್ಲ. ಮಾಲಕರು ಎರಡರ ಮಧ್ಯೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನನಗೆ ಬೆನ್ನು ಮಾಡಿ, ವಸ್ತಾದರ ಕಡೆ ಮುಖ ಮಾಡಿ ಕೂತರು.

ಲಿಂಬೆ ಇದ್ದಿಲು ತಡವಾಗಿ ಹೊತ್ತಿತು. ಒಂದು ಕಿಡಿ ಹಾರಲಿಲ್ಲ. ಮೆಲ್ಲಗೆ ಒಳಗಿನಿಂದ ಕೆಂಪಾಗಿ, ಮೇಲೆ ಬಿಳಿ ಬೂದಿಯ ತೆಳು ಪದರ ಕಟ್ಟಿತು. ದೂರದಿಂದ ನೋಡಿದರೂ ಒಳ್ಳೆಯ ಬೆಂಕಿ. ಸಲಾಕಿಗಳು ಮಾಂಸ ಚುಚ್ಚಿಕೊಂಡು ತಾಟಿನಲ್ಲಿ ಸಾಲಾಗಿ ಕಾಯುತ್ತಿದ್ದವು. ತಲೆ ಬೋಳಿಸಿಕೊಂಡಿದ್ದ ಜವಳದ ಕೂಸು ಅಜ್ಜಿಯ ತೊಡೆಯ ಮೇಲೆ ಕೂತು ಆ ಕೆಂಪನ್ನೇ ನೋಡುತ್ತಿತ್ತು.

ವಸ್ತಾದರು ಚರಬಿ ಹಾಕಿದರು. ಚುಂಯ್ ಎಂದಿತು. ಬಗ್ಗಿದರು. ಪ್ರಕಾಶ ಬೀಸುತ್ತಲೇ ಇದ್ದ. ಅವನ ಬೀಸಣಿಗೆಗೆ ಏನೂ ಅರ್ಥವಿರಲಿಲ್ಲ.

ಎದ್ದು ನಿಂತು ಅವರು ನನ್ನ ಕಡೆ ನೋಡಿದರು.

ನನ್ನ ಕೈಯಲ್ಲಿ ಬೀಸಣಿಗೆ ಇತ್ತು. ಬೀಸಿದರೆ ಅವರು ಚಡಾವ್ ಎನ್ನುತ್ತಾರೆ, ಅವರ ಮಾನ ಉಳಿಯುತ್ತದೆ. ಹೊಗೆ ಬಹುಶಃ ಸರಿಯಾಗಿಯೇ ಇರಬೇಕು, ಇದ್ದಿಲು ಗಾಜಿನ ಹಾಗೆ ಮಾತಾಡಿತ್ತಲ್ಲ. ಆದರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬೀಸಿದರೆ ಆ ಬಳಗ ತಿನ್ನುತ್ತದೆ. ಕೆಮ್ಮಿದರೆ ಮಾಲಕರು ತಿರುಗಿ ನೋಡುತ್ತಾರೆ, ಅವರು ಅದಕ್ಕೇ ಕಾಯುತ್ತಿದ್ದರು. ನಾನು ಬೀಸಣಿಗೆಯನ್ನು ಎದೆಗೆ ಒತ್ತಿ ಹಿಡಿದೆ. ಬೀಸಲೂ ಇಲ್ಲ, ಕೆಮ್ಮಲೂ ಇಲ್ಲ. ಗಂಟಲು ಮಾತ್ರ ಕೆರೆಯುತ್ತಿತ್ತು.

ವಸ್ತಾದರಿಗೆ ತಿಳಿಯಿತು. ಇನ್ನೊಂದು ಚೂರು ಚರಬಿ ಹಾಕಿ ಎರಡನೇ ಸಲ ಬಗ್ಗಿದರು. ಒಂದೇ ಬೆಂಕಿಗೆ ಎರಡು ಸಲ ಬಗ್ಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಜ್ಜಿ ಕೇಳಿದಳು: "ಯಪ್ಪಾ, ಅದೇನ್ ಬೆಂಕಿಗೆ ಕಿವಿಮಾತ ಹೇಳಾಕತ್ತೀಯೇನ? ಕೂಸಿಗೆ ಹಸಿವ ಆಗೇತಿ."

ಜನ ನಕ್ಕರು. ಮಾಲಕರು ನಗಲಿಲ್ಲ. "ಯಾಕ್ ವಸ್ತಾದ್ರ," ಎಂದರು, "ಇವತ್ತ ಮೂಗು ಮಲಗೇತೇನ್ರಿ?"

ವಸ್ತಾದರು ನೆಟ್ಟಗೆ ನಿಂತರು. ಚಿಮಟಿಗೆಯನ್ನು ಭಟ್ಟಿಯ ಅಂಚಿಗೆ ಇಟ್ಟರು.

"ಮಲಗಿಲ್ರಿ ಮಾಲಕ್ರ. ಸತ್ತೈತಿ. ಆ ಜ್ವರದಾಗ ಹೋತು, ಮತ್ತ ಬರ್ಲಿಲ್ಲ." ಅವರ ದನಿ ಸಣ್ಣದಾಗಿರಲಿಲ್ಲ, ಕೊನೆಯ ಮೇಜಿನವರಿಗೂ ಕೇಳಿಸಿತು. "ಇಷ್ಟು ದಿನಾ ಸಿದ್ದೂನ ಮೂಗಿನ ಮ್ಯಾಲ ನಡಸೇನಿ. ಇವತ್ತ ಅಂವಾ ದೂರ ಅದಾನ. ಕೂಸುಗಳ ಹೊಟ್ಟಿ ವಿಷಯ ಐತಿ, ಅಂದಾಜಿನ ಮ್ಯಾಲ ಚಡಾವ್ ಅನ್ನಾಕ ಬರಂಗಿಲ್ಲ. ಸಿದ್ದು, ನೀ ಬಾ ಇಲ್ಲಿ."

ಆ ಅಂಗಳ ದಾಟಿದ್ದು ನನಗೆ ನೆನಪಿಲ್ಲ. ವಸ್ತಾದರು ಚರಬಿಯ ಚೂರನ್ನು ನನ್ನ ಕೈಗೆ ಕೊಟ್ಟರು. ಹಾಕಿದೆ, ಬಗ್ಗಿದೆ, ಕಣ್ಣು ಮುಚ್ಚಿದೆ. ಮೊದಲು ಬಂದದ್ದು ಬರೀ ಚರಬಿಯ ಕಂಪು. ಸರಿಯಿದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅದರ ಕೆಳಗಿನಿಂದ ಇನ್ನೊಂದು ಬಂತು. ಕಡ್ಡಿಪೆಟ್ಟಿಗೆ ಗೀರಿದಂಥದು, ಅದರ ಜೊತೆ ತೋಟಕ್ಕೆ ಎಣ್ಣೆ ಹೊಡೆದ ಮರುದಿನ ಬದುವಿನ ಮೇಲೆ ನಡೆದರೆ ಬರುವಂಥದು. ನಮ್ಮ ಕಡೆ ಗಿಡಕ್ಕೆ ಹೊಡೆಯುವ ಔಷಧಿಗೆಲ್ಲ ಎಣ್ಣೆ ಎಂದೇ ಹೆಸರು.

"ಬ್ಯಾಡ್ರಿ," ಎಂದೆ.

"ಏನ್ ಬ್ಯಾಡ?" ಪ್ರಕಾಶ ಬೀಸಣಿಗೆ ಕೆಳಗಿಟ್ಟ. "ನಾ ಕೈಯಾರೆ ಸುಟ್ಟ ಇದ್ಲಿ. ನನ್ನ ಮೂಗಿಗೆ ಏನೂ ಬರವಲ್ದು. ನಾ ಇಲ್ಲೇ ನಿಂತೇನಲ್ಲ?"

"ನೀವು ದಿನಾ ಎಣ್ಣಿ ಹೊಡಿಯಾವ್ರು ಅಣ್ಣಾ. ನಿಮಗ ಅದು ವಾಸನಿ ಅಲ್ಲ, ಗಾಳಿ."

ಮಾಲಕರು ಎದ್ದು ಬಂದು ತಾವೇ ಬಗ್ಗಿದರು. ನೆಟ್ಟಗೆ ಎರಡನೇ ಚೀಲದ ಹತ್ತಿರ ಹೋಗಿ ಇದ್ದಿಲನ್ನು ನೆಲಕ್ಕೆ ಸುರಿದು, ಚೀಲದ ಒಳಮೈಯನ್ನು ಹೊರಗೆ ಮಾಡಿದರು. ಹೊಲಿಗೆಯ ಸಂದಿಯಲ್ಲಿ ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು.

"ಗಿಡಕ್ಕ ಹೊಡಿಯೂ ಪುಡಿ ಚೀಲ," ಎಂದರು.

"ಝಾಡಿಸೇ ತುಂಬೇನ್ರಿ ಮಾವಾ," ಎಂದ ಪ್ರಕಾಶ. "ಸುಡೂ ಇದ್ಲಿಗೆ ಚೀಲ ಯಾವ್ದಾದ್ರ ಏನ್ ಅಂದ್ಕೊಂಡೆ. ಬೆಂಕಿಗೆ ಮೈಲಿಗಿ ಇಲ್ಲ ಅಂತಾರಲ್ರಿ."

"ಹೊಟ್ಟಿಗೆ ಐತಿ," ಎಂದರು ಮಾಲಕರು.

ಎಲ್ಲ ಸಲಾಕಿಗಳೂ ಬೇವಿನ ಗಿಡದ ಕೆಳಗೆ ಜಾಲಿ ಕೆಂಡಕ್ಕೆ ಹೋದವು. ತಡವಾಯಿತು. ಬಳಗದವರು ಗೊಣಗಿದರು, ತಿಂದರು. ಅಜ್ಜಿ ಕೈ ತೊಳೆಯಲು ಹೋಗುವಾಗ ವಸ್ತಾದರ ಮುಂದೆ ನಿಂತು, ಸೆರಗಿನಿಂದ ಕೂಸಿನ ಬಾಯಿ ಒರೆಸಿ, ಕೂಸಿನ ಕೈಯಿಂದ ಅವರಿಗೆ ಶರಣು ಮಾಡಿಸಿದಳು.

ಬಳಗ ಬಸ್ಸು ಹತ್ತಿದ ಮೇಲೆ ವಸ್ತಾದರು ಚಿಮಟಿಗೆಯನ್ನು ತೊಳೆದು ಒಯ್ದು ಗಲ್ಲೆಯ ಮೇಲೆ ಮಾಲಕರ ಮುಂದಿಟ್ಟರು.

ಮಾಲಕರು ಅದನ್ನು ನೋಡಿದರು. "ಇದನ್ಯಾಕ ಇಲ್ಲಿ ಇಟ್ರಿ? ಟೇಬಲ್ಲಿಗೆ ಮಸಿ ಹತ್ತೈತಿ, ತಗೀರಿ," ಎಂದರು.

"ತೊಳದೇನ್ರಿ."

"ತೊಳದ್ರೂ ಹತ್ತೈತಿ."

ವಸ್ತಾದರು ತೆಗೆದುಕೊಂಡು ಹೋದರು. ಆದರೆ ಮರುದಿನ ಭಟ್ಟಿಗೆ ಬರಲಿಲ್ಲ. ಕೋಣೆಯ ಮುಂದೆ ಹೊರಸಿನ ಮೇಲೆ ಕೂತಿರುತ್ತಿದ್ದರು. ಬೆಂಕಿ ನಾನು ಮಾಡಿದೆ, ಮೊದಲ ಹೊಗೆ ನಾನು ನೋಡಿದೆ, ಸಲಾಕಿ ನಾನು ಏರಿಸಿದೆ. ಚಡಾವ್ ಎಂದು ಮಾತ್ರ ಯಾರೂ ಅನ್ನಲಿಲ್ಲ. ಆ ವಾರ ಕರಕಲಾದಷ್ಟು ಸಲಾಕಿ ನನ್ನ ದಿನಚರಿಯಲ್ಲಿ ಬೇರೆ ಯಾವ ವಾರಕ್ಕೂ ಇಲ್ಲ. ಹೊಗೆಗೆ ನನ್ನ ಮೂಗಿತ್ತು, ಚರಬಿಯ ಸಪ್ಪಳಕ್ಕೆ ಅವರ ಕಿವಿ ಇರಲಿಲ್ಲ.

ಹೊಸದಾಗಿ ಭಟ್ಟಿಗೆ ಬರುವವರಿಗೆ ಇದನ್ನು ಹೇಳಬೇಕು. ಲಿಂಬೆ ಇದ್ದಿಲು ಸುಡಲು ಒಳ್ಳೆಯದು. ತಡವಾಗಿ ಹೊತ್ತುತ್ತದೆ, ಅದಕ್ಕೆ ಮೊದಲು ಒಂದು ಹಿಡಿ ಜಾಲಿ ಹಾಕಿ. ಕಾವು ಒಂದೇ ಸಮ ನಿಲ್ಲುತ್ತದೆ, ಕೋಳಿಯ ಚರ್ಮ ಕಪ್ಪಾಗದೆ ಕೆಂಪಾಗುತ್ತದೆ. ಆದರೆ ಹೊಗೆಯಲ್ಲಿ ಇಟ್ಟು ಒಣಗಿಸುವ ಖಂಡಕ್ಕೆ ಅದು ಕೆಲಸಕ್ಕೆ ಬಾರದು, ಅದರಲ್ಲಿ ಹೊಗೆಯೇ ಇಲ್ಲ. ಆ ಕೆಲಸಕ್ಕೆ ಕೆಂಡದ ಮೇಲೆ ಅರೆ ಒಣಗಿದ ಲಿಂಬೆ ಟೊಂಗೆ ಇಡಬೇಕು. ಚೀಲ ಗೋಣಿಯದೇ ಇರಲಿ. ಯಾವ ಇದ್ದಿಲನ್ನೇ ಆಗಲಿ ಮೊದಲ ಸಲ ಜನರಿಲ್ಲದ ದಿನ ಸುಟ್ಟು ನೋಡಿ. ಮತ್ತು ಬೇಡ ಎನ್ನುವ ಹಕ್ಕು ಒಬ್ಬನ ಹತ್ತಿರವೇ ಇಡಬೇಡಿ. ತಾಟು ತೊಳೆಯುವವಳಿಗೂ ಇರಲಿ.

ಇವೆಲ್ಲ ನಮಗೆ ತಿಳಿದದ್ದು ಎರಡನೇ ಪರೀಕ್ಷೆಯ ಮೇಲೆ. ಆ ವಾರ ಕಳೆದು ಬಂದ ಸೋಮವಾರ ಗಿರಾಕಿ ಇಲ್ಲದ ಹೊತ್ತಿಗೆ ಪ್ರಕಾಶ ಹೊಸ ಇದ್ದಿಲು ತಂದ. ಗೋಣಿ ಚೀಲಗಳನ್ನು ಮಾವನ ಮುಂದೆ ಒಂದೊಂದಾಗಿ ತಿರುವಿ ತೋರಿಸಿದ. ನಾನು ಬೆಂಕಿ ಮಾಡಿದೆ. ಮಾಲಕರು ಹಿಂದೆ ತಿರುಗಿ ಹೊರಸಿನ ಕಡೆ ಕೂಗಿದರು: "ವಸ್ತಾದ್ರ, ಭಟ್ಟಿ ಮುಂದ ನಿಮ್ಮಪ್ಪ ಬಂದು ನಿಂದ್ರತಾನೇನು?"

ವಸ್ತಾದರು ಚಪ್ಪಲಿ ಮೆಟ್ಟಿಕೊಂಡು ಬಂದರು. ಎರಡು ತುಂಡು ತೆಗೆದು ಕಿವಿಯ ಹತ್ತಿರ ಬಡಿದು ಕೇಳಿದರು. ಚರಬಿ ನನ್ನ ಕೈಗೆ ಕೊಟ್ಟರು. ನಾನು ಹಾಕಿ ಬಗ್ಗಿದೆ. ಒಂದು ಉಸಿರಿಗೆ ನಂಬಿಕೆ ಬರಲಿಲ್ಲ, ಇನ್ನೊಂದು ಎಳೆದೆ. ಚರಬಿಯ ಕಂಪು ಹೋದ ಮೇಲೆ ಕೆಳಗೆ ಏನಿದೆ ಎಂದು ಹುಡುಕಿದೆ.

"ಏನ್ ವಾಸನಿ ಐತಿ?" ಎಂದು ಕೇಳಿದರು ವಸ್ತಾದರು.

"ಏನೂ ಇಲ್ರಿ ವಸ್ತಾದ್ರ."

"ಖರೇನ ಏನೂ ಇಲ್ಲ?"

"ಏನಂದ್ರ ಏನೂ ಇಲ್ರಿ."

ಅವರು ತಾವೂ ಬಗ್ಗಿದರು. ಕಣ್ಣು ಮುಚ್ಚಿ, ಹಳೆಯ ಹಾಗೆ, ಉದ್ದಕ್ಕೆ ಒಂದು ಉಸಿರು ಎಳೆದರು.

"ಹೌದು, ನನಗೂ ಅಷ್ಟ ಬರಾಕತ್ತೈತಿ," ಎಂದರು. ಚಿಮಟಿಗೆ ಎತ್ತಿಕೊಂಡರು. "ಚಡಾವ್."